ಹೇಳಿದ ದಿನ ಕಳೆದುಹೋದ ಮೇಲೆ: ಲೋಕಾಂತ್ಯದ ಲೆಕ್ಕ ಹುಸಿಯಾದಾಗ ಸಭೆ ಮಾಡಬೇಕಾದದ್ದು

ಕರ್ತನ ಬರೋಣದ ದಿನವೆಂದು ಯಾರೋ ಗೊತ್ತುಮಾಡಿದ ದಿನ ಬಂದು, ಏನೂ ಆಗದೆ ಕಳೆದು, ಮರುದಿನ ಎಂದಿನಂತೆ ಬೆಳಗಾದಾಗ, ಆ ಮಾತನ್ನು ನಂಬಿ ಕಾದು ಕುಳಿತಿದ್ದವರ ಪಾಲಿಗೆ ಆ ಬೆಳಕಿಗಿಂತ ಕಠೋರವಾದದ್ದು ಇನ್ನೊಂದಿರುವುದಿಲ್ಲ. ಅವರು ಕೆಲಸ ಬಿಟ್ಟಿರಬಹುದು, ಕೂಡಿಟ್ಟ ಹಣವನ್ನೆಲ್ಲ ಕೊಟ್ಟುಬಿಟ್ಟಿರಬಹುದು, ನಂಬದ ಒಡಹುಟ್ಟಿದವರೊಂದಿಗೆ ಮಾತು ಬಿಟ್ಟಿರಬಹುದು. ಈಗ ಅದೇ ಮನೆಯವರಿಗೆ, ಅದೇ ನೆರೆಯವರಿಗೆ, ಅದೇ ಸಭೆಗೆ ಮುಖ ತೋರಿಸಬೇಕು. ಇಂಥವರು ನಿಮ್ಮ ಸಭೆಯಲ್ಲಿದ್ದರೆ, ಅಥವಾ ನಿಮ್ಮ ಬಂಧುವೋ ಸ್ನೇಹಿತರೋ ಆಗಿದ್ದರೆ, ಕ್ರೈಸ್ತರಾಗಿ ನೀವು ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಕಾಯಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಸತ್ಯವೇದದ ವಾಕ್ಯಗಳನ್ನು ತೋರಿಸಿ ತಪ್ಪನ್ನು ತಿದ್ದುವ ಕೆಲಸವನ್ನೇ ನಾವು ಮೊದಲು ಕೈಗೆತ್ತಿಕೊಳ್ಳಲು ಹೊರಡುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಕೊನೆಗೆ ಬರಬೇಕಾದ ಕೆಲಸ. ಮೊದಲು ಮನುಷ್ಯ, ಆಮೇಲೆ ಆ ಮನುಷ್ಯನಿಗಾದ ನಷ್ಟ, ಆಮೇಲೆ ದಿನವನ್ನು ಸಾರಿದವರ ಅರಿಕೆ (ತಪ್ಪೊಪ್ಪಿಗೆ), ಇಷ್ಟೆಲ್ಲ ಆದ ಮೇಲೆ ಬೋಧನೆ. ಈ ಕ್ರಮ ತಲೆಕೆಳಗಾದರೆ ಸರಿಯಾದ ವಾಕ್ಯವೇ ಗಾಯದ ಮೇಲೆ ಎಳೆದ ಬರೆಯಾಗುತ್ತದೆ.

ನಂಬಿದವರನ್ನು ಮೂಢರೆಂದು ಎಣಿಸಬೇಡಿ

ಅವರ ಮನೆಬಾಗಿಲಿಗೆ ಹೋಗುವ ಮುನ್ನ ನಿಮ್ಮ ಮನಸ್ಸನ್ನು ಸಿದ್ಧಪಡಿಸಿಕೊಳ್ಳಿ. ದಿನ ಗೊತ್ತುಮಾಡಿದವರೂ ಅದನ್ನು ನಂಬಿದವರೂ ಓದುಬರಹ ಬಾರದವರು, ಬುದ್ಧಿ ಸಾಲದವರು ಎಂಬ ಭಾವನೆ ನಿಮ್ಮಲ್ಲಿ ಎಳ್ಳಷ್ಟು ಉಳಿದಿದ್ದರೂ ಅದು ನಿಮ್ಮ ಮುಖದಲ್ಲಿ ಕಾಣುತ್ತದೆ. ಇತಿಹಾಸ ಆ ಭಾವನೆಗೆ ಆಸ್ಪದ ಕೊಡುವುದಿಲ್ಲ. 1533ರ ಅಕ್ಟೋಬರ್ 19ರ ಬೆಳಿಗ್ಗೆ ಎಂಟು ಗಂಟೆಗೆ ಲೋಕ ಮುಗಿಯುವುದೆಂದು ಜರ್ಮನಿಯ ಲೋಖಾವ್ ಎಂಬ ಊರಿನಲ್ಲಿ ಸಾರಿದ ಮಿಖಾಯೆಲ್ ಸ್ಟೀಫೆಲ್, ಲೂಥರನ್ ಸಭಾಪಾಲಕರಷ್ಟೇ ಅಲ್ಲ, ಆ ಶತಮಾನದ ಜರ್ಮನಿಯ ಶ್ರೇಷ್ಠ ಗಣಿತಜ್ಞರಲ್ಲಿ ಒಬ್ಬರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್‌ನಲ್ಲಿದ್ದ ರೈತ ವಿಲಿಯಂ ಮಿಲ್ಲರ್, ಸತ್ಯವೇದವನ್ನು ಆದಿಕಾಂಡದಿಂದ ಹಿಡಿದು ಒಂದೊಂದು ವಚನವಾಗಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು. 1988ರ ಸೆಪ್ಟೆಂಬರ್‌ನಲ್ಲಿ ಸಭೆ ಎತ್ತಲ್ಪಡುವುದೆಂದು, ಅಂದರೆ ಕ್ರಿಸ್ತನು ವಿಶ್ವಾಸಿಗಳನ್ನು ಪರಲೋಕಕ್ಕೆ ಎತ್ತಿಕೊಳ್ಳುವನೆಂದು, ಬರೆದ ಎಡ್ಗರ್ ವಿಸೆನಂಟ್ ಹಿಂದೆ ನಾಸಾದಲ್ಲಿ ಎಂಜಿನಿಯರ್ ಆಗಿದ್ದವರು. 2011ರ ಮೇ 21 ಎಂದು ಸಾರಿದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಸಹ ಸಿವಿಲ್ ಎಂಜಿನಿಯರಿಂಗ್ ಓದಿ ಬಂದವರು.

ಇವರೆಲ್ಲರೂ ಅಂಕಿಗಳನ್ನು ನಂಬಿದ್ದರು ಎಂಬುದನ್ನು ಗಮನಿಸಿ. ಮಿಲ್ಲರ್ ಅವರು ದಾನಿಯೇಲ 8:14ರಲ್ಲಿ ಬರುವ 2300 ದಿನಗಳನ್ನು 2300 ವರ್ಷಗಳೆಂದು ತೆಗೆದುಕೊಂಡು, ಯೆರೂಸಲೇಮನ್ನು ಮರಳಿ ಕಟ್ಟುವ ಅಪ್ಪಣೆ ಹೊರಟದ್ದು ಕ್ರಿಸ್ತಪೂರ್ವ 457ರಲ್ಲಿ ಎಂದು ಹಿಡಿದು, ಅಲ್ಲಿಂದ ಎಣಿಸಿ, ಕ್ರಿಸ್ತನು ಮತ್ತೆ ಬರುವುದು 1843ರಲ್ಲಿ ಎಂಬಲ್ಲಿಗೆ ಬಂದರು. ಕ್ರಿಸ್ತಪೂರ್ವ 1ಕ್ಕೂ ಕ್ರಿಸ್ತಶಕ 1ಕ್ಕೂ ನಡುವೆ ಸೊನ್ನೆಯ ವರ್ಷವಿಲ್ಲ ಎಂಬುದನ್ನು ಲೆಕ್ಕಕ್ಕೆ ಸೇರಿಸಿದಾಗ ಅದು 1844 ಆಯಿತು. ಕ್ಯಾಂಪಿಂಗ್ ಅವರು ನೋಹನ ಜಲಪ್ರಳಯವನ್ನು ಕ್ರಿಸ್ತಪೂರ್ವ 4990ರಲ್ಲಿ ಇಟ್ಟು, ಇನ್ನು ಏಳು ದಿನಗಳಿವೆ ಎಂದು ದೇವರು ನೋಹನಿಗೆ ಹೇಳಿದ್ದನ್ನು ಏಳು ಸಾವಿರ ವರ್ಷಗಳೆಂದು ಬಿಡಿಸಿದರು. ಹಾಗೆ ಬಿಡಿಸಲು ಅವರಿಗೆ ಆಧಾರವಾದದ್ದು, ಕರ್ತನ ಎಣಿಕೆಯಲ್ಲಿ ಒಂದು ದಿನವು ಸಾವಿರ ವರ್ಷಗಳಂತಿದೆ ಎಂಬ 2 ಪೇತ್ರ 3:8. ಆ ಮಾತು ಬಂದಿರುವುದು ನಮ್ಮ ಎಣಿಕೆ ದೇವರಿಗೆ ಸಲ್ಲದು ಎಂದು ತಿಳಿಸುವುದಕ್ಕೆ. ಎಣಿಕೆಯನ್ನು ನಿಲ್ಲಿಸಬೇಕಾದ ವಚನವನ್ನೇ ಎಣಿಕೆಯ ಸೂತ್ರವಾಗಿ ಮಾಡಿಕೊಂಡದ್ದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಸೊನ್ನೆಯ ವರ್ಷದ ಆ ತಪ್ಪನ್ನು ತಿದ್ದಿದ ಮೇಲೆ, ಎರಡೂ ಲೆಕ್ಕಗಳಲ್ಲಿ ಕೂಡುವುದು ಕಳೆಯುವುದು ಸರಿಯಾಗಿಯೇ ಇದೆ. ತಪ್ಪಿದ್ದದ್ದು ಮೊದಲ ಅಂಕಿಯನ್ನು ಇಡುವಾಗ, ದಿನವನ್ನು ವರ್ಷವೆಂದೋ ಸಾವಿರ ವರ್ಷವೆಂದೋ ಹಿಡಿಯುವಾಗ. ಆದ್ದರಿಂದ ನಂಬಿದವರು ತಮ್ಮ ಬುದ್ಧಿಯನ್ನೇ ಶಪಿಸಿಕೊಳ್ಳುವುದನ್ನು ಕಂಡರೆ, ಮುಂದೆ ಮಾತಿಗೆ ಸಮಯ ಬಂದಾಗ, ಅವರ ಗಣಿತ ತಪ್ಪಿರಲಿಲ್ಲ, ಗಣಿತಕ್ಕೆ ಕೊಟ್ಟ ಆಧಾರ ದೇವರಿಂದ ಬಂದದ್ದಾಗಿರಲಿಲ್ಲ ಎಂದು ಬಿಡಿಸಿ ಹೇಳಿರಿ. ಅಂಥವರಿಗೆ ಇದು ಬರಿಯ ಸಮಾಧಾನದ ಮಾತಿಗಿಂತ ಹೆಚ್ಚು ಆಸರೆಯಾಗಬಲ್ಲದು.

ಮೊದಲ ವಾರ: ಹೋಗಿ, ಕುಳಿತುಕೊಳ್ಳಿ

ಕ್ರಿಸ್ತನು ಅಂದೇ ಬರುವನೆಂದು ಕಾದಿದ್ದ 1844ರ ಅಕ್ಟೋಬರ್ 22ರ ರಾತ್ರಿ ಕಳೆದ ಬಗೆಯನ್ನು ಮಿಲ್ಲರ್ ಅವರ ಬೋಧನೆಯನ್ನು ನಂಬಿದ್ದ ಹೈರಮ್ ಎಡ್ಸನ್ ಎಂಬ ರೈತ ಮುಂದೆ ಬರೆದಿಟ್ಟಿದ್ದಾರೆ. ನಡುರಾತ್ರಿಯ ಗಂಟೆ ಹೊಡೆಯುವ ತನಕ ಕಾದು, ಆಮೇಲೆ ಬೆಳಕು ಹರಿಯುವವರೆಗೂ ಅತ್ತುದಾಗಿ ಅವರು ಹೇಳುತ್ತಾರೆ. ಲೋಕದಲ್ಲಿರುವ ಸ್ನೇಹಿತರೆಲ್ಲ ಒಮ್ಮೆಗೇ ತೀರಿಕೊಂಡಿದ್ದರೂ ಅಷ್ಟು ದುಃಖವಾಗುತ್ತಿರಲಿಲ್ಲ ಎಂಬುದು ಅವರ ಮಾತಿನ ಸಾರ. ಹೊರಗೆ ಕಾಲಿಟ್ಟರೆ, ಇನ್ನೂ ಮೇಲಕ್ಕೆ ಹೋಗಲಿಲ್ಲವೇ ಎಂಬ ಕುಚೋದ್ಯ ಕಾದಿತ್ತು. ಆ ಜನರು ಅನುಭವಿಸಿದ್ದನ್ನು ಇಂದಿಗೂ ಮಹಾ ನಿರಾಶೆ ಎಂಬ ಹೆಸರಿನಿಂದಲೇ ಕರೆಯುತ್ತಾರೆ.

ಇದು ಸಾವಿನ ದುಃಖ ಎಂದೇ ತಿಳಿದು ನಡೆದುಕೊಳ್ಳಿ. ಸತ್ತ ಮನೆಗೆ ಹೇಗೆ ಹೋಗುತ್ತೀರೋ ಹಾಗೆ ಹೋಗಿ. ಕರೆಯಲಿ ಎಂದು ಕಾಯಬೇಡಿ. ಯೋಬನ ಮೂವರು ಗೆಳೆಯರನ್ನು ನಾವು ಕೆಟ್ಟ ಸಾಂತ್ವನಕಾರರೆಂದು ನೆನೆಯುತ್ತೇವೆ, ಆದರೆ ಅವರು ಮೊದಲ ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದರು. ಅವರು ಎಡವಿದ್ದು ಬಾಯಿ ತೆರೆದು ಕಾರಣ ಹುಡುಕಲು ತೊಡಗಿದಾಗ. ಅಡುಗೆ ಮಾಡಿ ತೆಗೆದುಕೊಂಡು ಹೋಗಿ, ಮಕ್ಕಳನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಿ, ಅವರು ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಪಕ್ಕದಲ್ಲಿರಿ. ಅಳುವವರ ಸಂಗಡ ಅಳಿರಿ ಎಂಬ ಪೌಲನ ಮಾತಿನಲ್ಲಿ, ಅವರು ಸರಿಯಾದ ಕಾರಣಕ್ಕೆ ಅಳುತ್ತಿದ್ದರೆ ಮಾತ್ರ ಎಂಬ ಷರತ್ತಿಲ್ಲ.

ಮೊದಲೇ ಹೇಳಿದ್ದೆನಲ್ಲ ಎಂಬ ಮಾತನ್ನು ಯಾವ ರೂಪದಲ್ಲಿಯೂ ಆಡಬೇಡಿ, ಪ್ರಸಂಗಪೀಠದಿಂದಂತೂ ಆಡಲೇಬೇಡಿ. ಆ ಭಾನುವಾರದ ಆರಾಧನೆಯಲ್ಲಿ ಲಘುವಾದ ಮಾತಿನಿಂದ ಜನರನ್ನು ನಗಿಸುವ ಆಸೆ ಬೋಧಕರಿಗೆ ಸಹಜವಾಗಿಯೇ ಬರುತ್ತದೆ. ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತವರು ಒಬ್ಬರಿದ್ದರೂ ಆ ನಗು ಅವರನ್ನು ಹೊರಗೆ ದೂಡುತ್ತದೆ. 2011ರ ಮೇ ತಿಂಗಳಲ್ಲಿ ಲೋಕವೆಲ್ಲ ಕ್ಯಾಂಪಿಂಗ್ ಅವರ ಕೇಳುಗರನ್ನು ನೋಡಿ ನಗುತ್ತಿದ್ದಾಗ ಆ ನಗುವಿನಲ್ಲಿ ಕ್ರೈಸ್ತರ ದನಿಯೂ ಕಡಿಮೆ ಇರಲಿಲ್ಲ. ಆದರೆ ನಿರಾಶರಾದವರನ್ನು ಕಂಡು ಸಾಂತ್ವನ ಹೇಳುವುದಕ್ಕೆಂದೇ ಮುಂದೆ ಬಂದ ವಿಶ್ವಾಸಿಗಳೂ ಅಲ್ಲಿ ಇದ್ದರು. ನಾವು ಅನುಸರಿಸಬೇಕಾದದ್ದು ಅವರನ್ನು.

ಹಣ, ಕೆಲಸ, ಸಾಲ

ಎರಡನೆಯ ವಾರದಿಂದ ಹೊಟ್ಟೆಯ ಪ್ರಶ್ನೆ ಎದುರಾಗುತ್ತದೆ. ಮಿಲ್ಲರ್ ಅವರನ್ನು ನಂಬಿದವರಲ್ಲಿ ಅನೇಕರು ಆ ವರ್ಷದ ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು, ಅಂಗಡಿ ಮುಚ್ಚಿದ್ದರು. ಆ ಚಳವಳಿಯ ಪತ್ರಿಕೆಗಳನ್ನು ನಡೆಸುತ್ತಿದ್ದ ಜೋಶುವಾ ಹೈಮ್ಸ್ ನಿರಾಶೆಯ ಬೆನ್ನಿಗೇ, ಎಲ್ಲವನ್ನೂ ಕಳೆದುಕೊಂಡ ಸಹೋದರರಿಗಾಗಿ ಊರೂರಿನಲ್ಲಿ ಸಹಾಯ ಸಮಿತಿಗಳನ್ನು ಮಾಡಿರೆಂದು ಕೇಳಿಕೊಂಡರು. ಸಿದ್ಧಾಂತದ ವಿಷಯದಲ್ಲಿ ಏನೇ ಇರಲಿ, ದಿನವನ್ನು ಸಾರಿದವರಲ್ಲೇ ಒಬ್ಬರು ಹಸಿದವರ ಹೊಣೆಯನ್ನು ಹೊತ್ತುಕೊಂಡದ್ದು ಆ ಇಡೀ ಪ್ರಸಂಗದ ಅತ್ಯಂತ ಕ್ರೈಸ್ತವಾದ ಕೆಲಸವೆಂದು ನಾನು ಎಣಿಸುತ್ತೇನೆ. 2011ರಲ್ಲಿ ನ್ಯೂಯಾರ್ಕ್ ನಗರದ ಸಾರಿಗೆ ಇಲಾಖೆಯಿಂದ ನಿವೃತ್ತರಾದ ಒಬ್ಬರು ತಮ್ಮ ಉಳಿತಾಯದಿಂದ ಸುಮಾರು 1,40,000 ಡಾಲರುಗಳನ್ನು ಲೋಕಾಂತ್ಯದ ಜಾಹೀರಾತುಗಳಿಗೆ ಸುರಿದಿದ್ದರು.

ಸಭೆಯಲ್ಲಿ ಲೆಕ್ಕಪತ್ರ ಬಲ್ಲ, ಬಾಯಿ ಬಿಗಿಯಿರುವ ಇಬ್ಬರನ್ನು ಈ ಕೆಲಸಕ್ಕೆ ನೇಮಿಸಿ. ಯಾರಿಗೆ ಎಷ್ಟು ಸಾಲವಿದೆ, ಬಾಡಿಗೆ ಎಷ್ಟು ತಿಂಗಳಿಂದ ಬಾಕಿಯಿದೆ, ರಾಜೀನಾಮೆ ಕೊಟ್ಟ ಕೆಲಸಕ್ಕೆ ಮರಳುವ ದಾರಿ ಇದೆಯೇ, ಆಸ್ತಿಯ ಮಾರಾಟ ಇನ್ನೂ ನೋಂದಣಿಯಾಗದೆ ಉಳಿದಿದೆಯೇ ಎಂಬುದನ್ನು ಒಬ್ಬೊಬ್ಬರ ಬಳಿಯೂ ಕುಳಿತು ಬರೆದುಕೊಳ್ಳಲಿ. ಹಳೆಯ ಯಜಮಾನರನ್ನು ಕಾಣಲು ಅವರ ಜೊತೆಗೆ ಹೋಗಲು ಒಬ್ಬರು ಸಿದ್ಧರಿದ್ದರೆ ಬಹಳ ಒಳ್ಳೆಯದು, ಏಕೆಂದರೆ ಆ ಬಾಗಿಲಿಗೆ ಒಂಟಿಯಾಗಿ ಹೋಗುವ ನಾಚಿಕೆಯೇ ಅವರನ್ನು ತಡೆದು ನಿಲ್ಲಿಸಬಹುದು. ಕೊಟ್ಟ ಕಾಣಿಕೆ ಮರಳಿ ಬೇಕೆಂದು ಕೇಳಲು ಅವರಿಗೆ ಮನಸ್ಸಿದ್ದರೆ, ಅದು ಅಪನಂಬಿಕೆಯೆಂದು ಹೆದರಿಸಬೇಡಿ. ತಪ್ಪು ಮಾತನ್ನು ಆಧರಿಸಿ ಪಡೆದ ಹಣವನ್ನು ಮರಳಿ ಕೇಳುವುದು ನ್ಯಾಯವೇ. ಸಹಾಯವನ್ನು ಗುಟ್ಟಾಗಿ ಕೊಡಿ, ಮತ್ತು ಅದಕ್ಕೆ ಪ್ರತಿಯಾಗಿ ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕೆಂಬ ಕಟ್ಟಳೆಯನ್ನು ಹಾಕಬೇಡಿ.

ಇಲ್ಲಿ ಒಂದು ವಚನದ ವಿಷಯದಲ್ಲಿ ಎಚ್ಚರಿಕೆ ಹೇಳಬೇಕು. ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಎಂಬ 2 ಥೆಸಲೋನಿಕ 3:10ನ್ನು ಇಂಥ ಸಂದರ್ಭದಲ್ಲಿ ಎತ್ತಿ ಆಡುವವರಿದ್ದಾರೆ. ಥೆಸಲೋನಿಕದ ಸಭೆಯಲ್ಲಿಯೂ ಕರ್ತನ ದಿನದ ಕುರಿತ ಗಲಿಬಿಲಿ ಇತ್ತು ಎಂಬುದೂ ನಿಜ. ಆದರೆ ಆ ಮಾತು ದುಡಿಯಲು ಮನಸ್ಸಿಲ್ಲದವರಿಗೆ ಹೇಳಿದ್ದು. ಕೆಲಸವನ್ನು ಕಳೆದುಕೊಂಡು, ಮತ್ತೆ ದುಡಿಯಲು ಹಂಬಲಿಸುತ್ತಿರುವವರ ಮೇಲೆ ಅದನ್ನು ಪ್ರಯೋಗಿಸುವುದು ವಾಕ್ಯಕ್ಕೂ ಅನ್ಯಾಯ, ಮನುಷ್ಯನಿಗೂ ಅನ್ಯಾಯ.

ದಿನವನ್ನು ಸಾರಿದವರ ಅರಿಕೆ

ದಿನವನ್ನು ಸಾರಿದವರು ನಿಮ್ಮ ಸಭೆಯವರೇ ಆಗಿದ್ದರೆ, ಅಥವಾ ಆ ಸಂದೇಶಕ್ಕೆ ನಿಮ್ಮ ಪ್ರಸಂಗಪೀಠವನ್ನು ನೀವು ಒಮ್ಮೆಯಾದರೂ ಬಿಟ್ಟುಕೊಟ್ಟಿದ್ದರೆ, ಇಲ್ಲಿಂದ ಮುಂದಿನದು ಈ ಬರಹದ ಅತ್ಯಂತ ಕಷ್ಟದ ಭಾಗ. ದಿನ ಹುಸಿಯಾದಾಗ ಅದನ್ನು ಸಾರಿದವರು ಹಿಡಿದ ದಾರಿಗಳು ಮುಖ್ಯವಾಗಿ ಮೂರು. ಲೆಕ್ಕದಲ್ಲಿ ಚಿಕ್ಕ ತಪ್ಪಾಗಿತ್ತೆಂದು ಹೇಳಿ ಹೊಸ ದಿನ ಕೊಡುವುದು ಒಂದು. 1988 ಕಳೆದಾಗ ವಿಸೆನಂಟ್ 1989 ಎಂದರು. ಘಟನೆ ನಡೆದೇ ಇದೆ, ಆದರೆ ಕಣ್ಣಿಗೆ ಕಾಣದಂತೆ ನಡೆದಿದೆ ಎನ್ನುವುದು ಇನ್ನೊಂದು. ಮೇ 21 ಕಳೆದ ಎರಡೇ ದಿನಗಳಲ್ಲಿ ಕ್ಯಾಂಪಿಂಗ್ ಅವರು ಈ ಎರಡನ್ನೂ ಒಟ್ಟಿಗೆ ಹಿಡಿದರು: ಅಂದು ಆತ್ಮಿಕವಾದ ನ್ಯಾಯತೀರ್ಪು ಆರಂಭವಾಗಿದೆ, ಲೋಕದ ನಾಶ ಅಕ್ಟೋಬರ್ 21ಕ್ಕೆ ಎಂದರು. ಮೂರನೆಯದು, ತಪ್ಪಾಯಿತು ಎಂದು ನೇರವಾಗಿ ಹೇಳುವುದು.

ಕಾಣದಂತೆ ನಡೆಯಿತು ಎಂಬ ವಿವರಣೆಯ ವಿಷಯದಲ್ಲಿ ನ್ಯಾಯವಾಗಿ ಮಾತಾಡಬೇಕು, ಏಕೆಂದರೆ ಅದರ ಫಲ ಎಲ್ಲೆಡೆಯೂ ಒಂದೇ ಆಗಿಲ್ಲ. ಹೈರಮ್ ಎಡ್ಸನ್ ಅವರಿಗೆ ಮರುದಿನ ಬೆಳಿಗ್ಗೆ ಹೊಲವನ್ನು ದಾಟುವಾಗ, ದಾನಿಯೇಲನು ಹೇಳಿದ ಪವಿತ್ರಸ್ಥಳ ಭೂಮಿಯಲ್ಲ, ಪರಲೋಕದಲ್ಲಿರುವುದು ಎಂದು ಹೊಳೆಯಿತು. ಕ್ರಿಸ್ತನು ಭೂಮಿಗೆ ಬರಲಿಲ್ಲ, ಅಲ್ಲಿನ ಅತಿಪರಿಶುದ್ಧ ಸ್ಥಳವನ್ನು ಪ್ರವೇಶಿಸಿದನು ಎಂಬ ಆ ಅರ್ಥವೇ 1863ರಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಬೋಧನೆಗಳಲ್ಲಿ ಒಂದಾಯಿತು. ಆ ವಿವರಣೆಯನ್ನು ಉಳಿದ ಸಭೆಗಳು ಒಪ್ಪಲಿಲ್ಲ. ಆದರೂ ಆ ಸಭೆ ಮತ್ತೆ ದಿನ ಗೊತ್ತುಮಾಡುವುದನ್ನು ಬಿಟ್ಟಿತು, ಅದರ ಸ್ಥಾಪಕರಲ್ಲಿ ಒಬ್ಬರಾದ ಎಲೆನ್ ವೈಟ್ ದಿನ ಗೊತ್ತುಮಾಡುವುದರ ವಿರುದ್ಧ ಎಚ್ಚರಿಸಿದರು, ಆಸ್ಪತ್ರೆಗಳನ್ನೂ ಶಾಲೆಗಳನ್ನೂ ಕಟ್ಟುತ್ತಾ ಆ ಸಭೆ ಇಂದು 2 ಕೋಟಿಗೂ ಹೆಚ್ಚು ಸದಸ್ಯರನ್ನು ಹೊಂದಿದೆ. ಕ್ಯಾಂಪಿಂಗ್ ಅವರ ಆತ್ಮಿಕ ತೀರ್ಪಿನ ವಿವರಣೆಯಾದರೋ ಇನ್ನೈದು ತಿಂಗಳು ಜನರನ್ನು ತುದಿಗಾಲಿನಲ್ಲಿ ನಿಲ್ಲಿಸಿತು. ಆದ್ದರಿಂದ ಇಂಥ ವಿವರಣೆ ನಿಮ್ಮ ಮುಂದೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದು ಜನರನ್ನು ಕಾಯುವಿಕೆಯಿಂದ ಬಿಡಿಸಿ ದಿನನಿತ್ಯದ ಕೆಲಸಕ್ಕೆ ಮರಳಿಸುತ್ತದೆಯೇ, ಅಥವಾ ಮತ್ತೊಂದು ದಿನಕ್ಕೆ ಅವರನ್ನು ಕಟ್ಟಿಹಾಕುತ್ತದೆಯೇ ಎಂಬುದು.

ಅರಿಕೆ ಹೇಗಿರಬೇಕು? ಅದರಲ್ಲಿ ಸಾರಿದ ದಿನಾಂಕವನ್ನು ಹೆಸರಿಸಿ ಹೇಳಬೇಕು. ನಾನು ಎಂಬ ಕರ್ತೃ ಇರಬೇಕು. ತಪ್ಪುಗಳಾಗಿರಬಹುದು, ಕೆಲವರಿಗೆ ನೋವಾಗಿದ್ದರೆ ಎಂಬಂಥ ಮಾತುಗಳು ಅರಿಕೆಯಲ್ಲ. ನಂಬಿದವರಿಗೆ ಆದ ಹಾನಿಯನ್ನು ಒಂದೊಂದಾಗಿ ಹೇಳಬೇಕು, ಹಣದ ಬಗ್ಗೆ ಏನು ಮಾಡಲಾಗುವುದೆಂದು ತಿಳಿಸಬೇಕು, ಹೊಸ ದಿನ ಇರಬಾರದು, ಆ ಬೋಧನೆಯ ಧ್ವನಿಮುದ್ರಣಗಳೂ ಕರಪತ್ರಗಳೂ ಹಿಂದಕ್ಕೆ ಬಂದಿವೆಯೆಂಬುದು ಗೊತ್ತಾಗಬೇಕು. ಯಾವ ವೇದಿಕೆಯಿಂದ ದಿನವನ್ನು ಸಾರಲಾಯಿತೋ ಅದೇ ವೇದಿಕೆಯಿಂದ, ಅಷ್ಟೇ ಗಟ್ಟಿಯಾದ ದನಿಯಲ್ಲಿ ಅರಿಕೆಯೂ ಹೊರಡಬೇಕು. ಸಾವಿರ ಜನರಿಗೆ ಸಾರಿದ್ದನ್ನು ಹಿರಿಯರ ಕೋಣೆಯಲ್ಲಿ ಹತ್ತು ಜನರ ಮುಂದೆ ಹಿಂತೆಗೆದುಕೊಂಡರೆ ಉಳಿದವರೆಲ್ಲ ಆ ಸುಳ್ಳಿನೊಳಗೇ ಉಳಿಯುತ್ತಾರೆ.

ಅರ್ಧ ಅರಿಕೆಯ ಅಪಾಯವನ್ನು ಕ್ಯಾಂಪಿಂಗ್ ಅವರ ಜೀವನವೇ ತೋರಿಸುತ್ತದೆ. 2011 ಅವರ ಮೊದಲ ದಿನಾಂಕವಾಗಿರಲಿಲ್ಲ. 1994ರ ಸೆಪ್ಟೆಂಬರ್‌ನಲ್ಲಿ ಕ್ರಿಸ್ತನು ಬರಬಹುದೆಂದು ಅವರು ಹಿಂದೆಯೇ ಬರೆದಿದ್ದರು. ಆ ಪುಸ್ತಕದ ಹೆಸರಿನಲ್ಲಿ 1994ರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು. ಆ ಚಿಹ್ನೆ ಇದ್ದುದರಿಂದ ಆ ವರ್ಷ ಕಳೆದಾಗ, ತಪ್ಪು ಮಾಡಿದೆ ಎನ್ನುವ ಅಗತ್ಯ ಅವರಿಗೆ ಕಾಣಲಿಲ್ಲ. ಸಂಶೋಧನೆ ಪೂರ್ತಿಯಾಗಿರಲಿಲ್ಲ ಎಂದರೆ ಸಾಕಾಯಿತು. ಅಂದೇ ಪೂರ್ಣ ಅರಿಕೆ ನಡೆದಿದ್ದರೆ 2011ರ ನಷ್ಟಗಳು ಆಗುತ್ತಿರಲಿಲ್ಲವೆಂದೇ ನಾನು ನಂಬುತ್ತೇನೆ. ಕೊನೆಗೆ 2012ರ ಮಾರ್ಚ್‌ನಲ್ಲಿ, ತೊಂಬತ್ತು ವರ್ಷ ದಾಟಿದ, ಪಾರ್ಶ್ವವಾಯುವಿನಿಂದ ಬಳಲಿದ್ದ ಆ ಮನುಷ್ಯರು ಬಹಿರಂಗ ಪತ್ರದಲ್ಲಿ ತಮ್ಮ ಮಾತು ತಪ್ಪಾಗಿತ್ತು ಮಾತ್ರವಲ್ಲ, ಪಾಪವೂ ಆಗಿತ್ತು ಎಂದು ಬರೆದರು; ಆ ದಿನವನ್ನು ಯಾರೂ ಅರಿಯರು ಎಂಬ ವಚನವನ್ನು ತಮ್ಮ ಮುಂದಿಟ್ಟಿದ್ದವರೇ ಸರಿಯೆಂದು ಒಪ್ಪಿದರು; ಇನ್ನೊಂದು ದಿನಾಂಕವನ್ನು ಪರಿಗಣಿಸುವ ಆಸಕ್ತಿಯೇ ತಮಗಿಲ್ಲವೆಂದರು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಪತ್ರ ತಡವಾಗಿ ಬಂದರೂ ಅದರ ಬೆಲೆಯನ್ನು ಕಡಿಮೆ ಮಾಡಲು ನನಗೆ ಮನಸ್ಸಿಲ್ಲ.

ಅರಿಕೆ ಮಾಡಿದವರನ್ನು ಸಭೆ ಏನು ಮಾಡಬೇಕು ಎಂಬುದಕ್ಕೆ ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಮಿಲ್ಲರ್ ಅವರನ್ನು ಅವರ ಊರಿನ ಬ್ಯಾಪ್ಟಿಸ್ಟ್ ಸಭೆ 1845ರ ಆರಂಭದಲ್ಲೇ ಹೊರಹಾಕಿತು. ಅದೇ ವರ್ಷ ಅವರು ತಮ್ಮ ತಪ್ಪನ್ನೂ ಆಶಾಭಂಗವನ್ನೂ ಮರೆಮಾಚದೆ ಬರೆದು ಪ್ರಕಟಿಸಿದರು; 1849ರಲ್ಲಿ ತೀರಿಕೊಳ್ಳುವವರೆಗೂ ಕರ್ತನ ಬರೋಣ ಹತ್ತಿರವಿದೆ ಎಂಬ ನಿರೀಕ್ಷೆಯನ್ನು ಮಾತ್ರ ಬಿಡಲಿಲ್ಲ. ಸ್ಟೀಫೆಲ್ ಅವರ ಸಂಗತಿ ಬೇರೆ. ದಿನವನ್ನು ಸಾರಬೇಡವೆಂದು ಪ್ರಾಟೆಸ್ಟಂಟ್ ಸುಧಾರಣೆಯ ನಾಯಕ ಮಾರ್ಟಿನ್ ಲೂಥರ್ ಮೊದಲೇ ಸ್ಟೀಫೆಲ್ ಅವರನ್ನು ತಡೆಯಲು ನೋಡಿದ್ದರು. ಸ್ಟೀಫೆಲ್ ಕೇಳಲಿಲ್ಲ, ರೈತರು ಕೆಲಸ ಬಿಟ್ಟು ಕೂಡಿಟ್ಟದ್ದನ್ನೆಲ್ಲ ಕಳೆದುಕೊಂಡರು, ಸ್ಟೀಫೆಲ್ ಬಂಧನಕ್ಕೊಳಗಾಗಿ ಸಭಾಪಾಲನೆಯನ್ನೂ ಕಳೆದುಕೊಂಡರು. ಆದರೆ ಲೂಥರ್ ಅವರೂ ಅವರ ಜೊತೆಗಾರ ಮೆಲಾಂಖ್ತೋನ್ ಅವರೂ ಕೈ ಬಿಡದೆ ಅವರ ಪರವಾಗಿ ಮಾತಾಡಿದರು, ಮತ್ತು 1535ರಲ್ಲಿ ಅವರಿಗೆ ಇನ್ನೊಂದು ಸಭೆಯ ಪಾಲನೆ ದೊರೆಯಿತು. ಅಲ್ಲಿದ್ದಾಗಲೇ, 1544ರಲ್ಲಿ, ಯುರೋಪಿನ ಬೀಜಗಣಿತದ ಇತಿಹಾಸದಲ್ಲಿ ಇಂದಿಗೂ ಹೆಸರಿರುವ ಅವರ ಗ್ರಂಥ ಹೊರಬಂತು. ಶಿಸ್ತು ಬೇಕು, ಬೋಧನೆಯಿಂದ ಕೆಲಕಾಲ ದೂರವಿಡುವುದೂ ಬೇಕು; ಆದರೆ ದೂರವಿಟ್ಟವರನ್ನು ಮರಳಿ ಕರೆಯುವ ಕಾಲವನ್ನೂ ಆಗಲೇ ನಿಶ್ಚಯಿಸಿಕೊಳ್ಳಿ, ಮತ್ತು ಅವರ ಪಕ್ಕದಲ್ಲಿ ನಿಲ್ಲುವ ಒಬ್ಬರನ್ನು ಆಗಲೇ ನೇಮಿಸಿ.

ಹೊಸ ದಿನ ಕೊಟ್ಟರೆ

ಅರಿಕೆಯ ಬದಲು ಹೊಸ ದಿನ ಬಂದರೆ ತಾಳ್ಮೆಗೆ ಮಿತಿಯಿರಬೇಕು. ಉಗಾಂಡಾದಲ್ಲಿ ದಶಾಜ್ಞೆಗಳನ್ನು ಮರಳಿ ಸ್ಥಾಪಿಸುವುದಾಗಿ ಹೇಳಿಕೊಂಡಿದ್ದ ಒಂದು ಪಂಗಡದ ನಾಯಕರು 1999ರ ಕೊನೆಗೆ ಲೋಕಾಂತ್ಯವೆಂದು ಕಲಿಸಿದ್ದರು; ಅದು ಹುಸಿಯಾದ ಮೇಲೆ, 2000ದ ಮಾರ್ಚ್ 17ರಂದು ಕಾನುಂಗು ಎಂಬಲ್ಲಿ ಅವರ ಆರಾಧನಾ ಮಂದಿರದೊಳಗೆ ಬೆಂಕಿಯಲ್ಲಿ ನೂರಾರು ಜನ ಸತ್ತರು. ಆದ್ದರಿಂದ ಆಸ್ತಿಯನ್ನು ಮಾರಿಸುವುದು, ಬಂಧುಗಳಿಂದ ಬೇರ್ಪಡಿಸುವುದು, ಔಷಧಿ ನಿಲ್ಲಿಸುವುದು, ದೇಹ ಕುಗ್ಗುವಂತೆ ಉಪವಾಸ ಮಾಡಿಸುವುದು, ಮಕ್ಕಳನ್ನು ಶಾಲೆಯಿಂದ ಬಿಡಿಸುವುದು, ಇವುಗಳಲ್ಲಿ ಯಾವುದು ಕಂಡರೂ ಸಭೆಯೊಳಗೇ ಇತ್ಯರ್ಥ ಮಾಡಿಕೊಳ್ಳೋಣವೆಂದು ಕೂರದೆ ಪೊಲೀಸರಿಗೂ ಮನೆಯವರಿಗೂ ತಿಳಿಸಿ. ನಾಯಕರ ಸ್ವಂತ ಹಣ ಎಲ್ಲಿದೆ ಎಂಬುದನ್ನೂ ನೋಡಿ. ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28ರಂದು ವಿಶ್ವಾಸಿಗಳು ಎತ್ತಲ್ಪಡುವರೆಂದು ಸಾರಿದ ದಾಮಿ ಮಿಷನ್‌ನ ಲೀ ಜಾಂಗ್ ರಿಮ್, 1993ರ ಮೇ ತಿಂಗಳಲ್ಲಿ ಅವಧಿ ತುಂಬುವ ಬಾಂಡುಗಳನ್ನು ಕೊಂಡಿದ್ದರು. ನ್ಯಾಯಾಲಯ ಅವರನ್ನು ವಂಚನೆಯ ಅಪರಾಧಿಯೆಂದು ತೀರ್ಮಾನಿಸಿತು.

ಬೋಧನೆಗೆ ಸಮಯ ಬಂದಾಗ

ಒಂದೆರಡು ತಿಂಗಳು ಕಳೆದು, ನಂಬಿದ್ದವರೇ ಪ್ರಶ್ನೆ ಕೇಳಲು ಆರಂಭಿಸಿದಾಗ ಸತ್ಯವೇದವನ್ನು ತೆರೆಯಿರಿ. ಎಲ್ಲರೂ ಮೊದಲು ಎತ್ತುವ ವಚನ ಮತ್ತಾಯ 24:36; ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂಬುದು. ಆದರೆ ಅವರು ಆ ವಚನವನ್ನು ನೂರು ಸಲ ಕೇಳಿದ್ದಾರೆ, ಅದಕ್ಕೆ ಉತ್ತರವನ್ನೂ ಕಲಿತಿದ್ದಾರೆ: ದಿನ ಮತ್ತು ಗಳಿಗೆ ತಿಳಿಯದು, ವರ್ಷ ಮತ್ತು ತಿಂಗಳು ತಿಳಿಯಬಹುದಲ್ಲ ಎಂದು ವಿಸೆನಂಟ್ ವಾದಿಸಿದ್ದರು. ಆದ್ದರಿಂದ ಅಪೊಸ್ತಲರ ಕೃತ್ಯಗಳು 1:7ರಿಂದ ಪ್ರಾರಂಭಿಸುವುದು ಮೇಲು. ಅಲ್ಲಿ ಪುನರುತ್ಥಾನನಾದ ಕರ್ತನು ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ ಎನ್ನುತ್ತಾನೆ. ತಿಂಗಳು ವರ್ಷಗಳಿಗೆ ಅಲ್ಲಿ ಸಂದಿಯಿಲ್ಲ. 5ನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನರು ಇದೇ ಮಾತನ್ನು ಹಿಡಿದು, ಎಣಿಸುವವರೆಲ್ಲರ ಬೆರಳುಗಳನ್ನು ಇದು ಸಡಿಲಿಸಿ ವಿಶ್ರಮಿಸಿಕೊಳ್ಳುವಂತೆ ಮಾಡುತ್ತದೆ ಎಂದರು. ಆಗಲೂ 400, 500, 1000 ವರ್ಷಗಳೆಂದು ಲೆಕ್ಕಹಾಕುವವರು ಅವರ ಸುತ್ತ ಇದ್ದರು.

ಧರ್ಮೋಪದೇಶಕಾಂಡ 18:22ನ್ನು ಓದುವಾಗ ಅದರ ಕೊನೆಯ ಮಾತನ್ನು ಬಿಡಬೇಡಿ. ಪ್ರವಾದಿ ಹೇಳಿದ್ದು ನೆರವೇರದಿದ್ದರೆ ಅದು ಯೆಹೋವನ ಮಾತಲ್ಲ ಎಂಬಲ್ಲಿಗೆ ನಾವು ನಿಲ್ಲಿಸಿ, ದಿನ ಸಾರಿದವರನ್ನು ಖಂಡಿಸಲು ಅದನ್ನು ಬಳಸುತ್ತೇವೆ. ಆದರೆ ವಚನ ಅಲ್ಲಿಗೆ ಮುಗಿಯುವುದಿಲ್ಲ. ಅವನಿಗೆ ನೀವು ಹೆದರಬೇಕಾಗಿಲ್ಲ ಎಂದು ಅದು ಜನರ ಕಡೆಗೆ ತಿರುಗುತ್ತದೆ. ಲೆಕ್ಕವನ್ನು ಸಂದೇಹಿಸಿದರೆ ದೇವರನ್ನೇ ಸಂದೇಹಿಸಿದಂತೆ ಎಂದು ವರ್ಷಗಟ್ಟಲೆ ಹೆದರಿಸಲ್ಪಟ್ಟವರಿಗೆ ಈ ಮಾತು ಬಿಡುಗಡೆ.

ದಿನಾಂಕದ ಜೊತೆಗೆ ನಿರೀಕ್ಷೆಯನ್ನೂ ಕಿತ್ತೆಸೆಯಬೇಡಿ. ಒಂದು ಸಲ ಸುಟ್ಟುಕೊಂಡ ಸಭೆಗಳು ಪ್ರಕಟನೆಯ ಪುಸ್ತಕವನ್ನೂ ದಾನಿಯೇಲನನ್ನೂ ಮುಟ್ಟುವುದನ್ನೇ ನಿಲ್ಲಿಸಿಬಿಡಬಹುದು, ಆ ತೆರವಾದ ಜಾಗಕ್ಕೆ ಮತ್ತೊಬ್ಬ ಲೆಕ್ಕಗಾರ ಸುಲಭವಾಗಿ ಬಂದು ಕೂರುತ್ತಾನೆ. 2025ರ ಸೆಪ್ಟೆಂಬರ್ 23 ಮತ್ತು 24ರಂದು ಸಭೆ ಎತ್ತಲ್ಪಡುವುದೆಂಬ ಮಾತು ಮೊಬೈಲ್ ವಿಡಿಯೋಗಳ ಮೂಲಕ ಕೆಲವೇ ವಾರಗಳಲ್ಲಿ ಲೋಕವೆಲ್ಲ ಹರಡಿತು. ಕ್ರಿಸ್ತನು ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಮತ್ತೆ ಬರುವನೆಂದು ಸಭೆ ಶತಮಾನಗಳಿಂದ ವಿಶ್ವಾಸಪ್ರಮಾಣದಲ್ಲಿ ಹೇಳುತ್ತಿದೆ. ಅದರ ಅರ್ಥವನ್ನು ಕಲಿಸಿರಿ. ಮತ್ತಾಯ 24ರಲ್ಲಿ ಯಜಮಾನನು ಬಂದಾಗ ಧನ್ಯನೆನಿಸಿಕೊಳ್ಳುವವನು ಗಡಿಯಾರ ನೋಡುತ್ತಿದ್ದ ಆಳಲ್ಲ, ಮನೆಯವರಿಗೆ ಹೊತ್ತುಹೊತ್ತಿಗೆ ಆಹಾರ ಬಡಿಸುತ್ತಿದ್ದ ಆಳು ಎಂಬುದನ್ನು ತೋರಿಸಿರಿ. ಮತ್ತು ಕರ್ತನ ಭೋಜನದ ಮೇಜಿಗೆ ಅವರನ್ನು ಬೇಗನೆ ಕರೆತನ್ನಿರಿ, ಏಕೆಂದರೆ ಆತನು ಬರುವ ತನಕ ಎಂಬ ಮಾತನ್ನು ಅಲ್ಲಿ ದಿನವನ್ನು ನಂಬಿದವರೂ ನಂಬದವರೂ ಒಟ್ಟಿಗೆ ಕೇಳುತ್ತಾರೆ.

ಮಕ್ಕಳು ಮತ್ತು ಬಿಟ್ಟುಹೋದವರು

ತಾವು ದೊಡ್ಡವರಾಗುವುದೇ ಇಲ್ಲವೆಂದು ಕೇಳುತ್ತ ಬೆಳೆದ ಮಕ್ಕಳಿಗೆ ತಂದೆತಾಯಿಗಳೇ ಕುಳಿತು, ನಾವು ನಿನಗೆ ಹೇಳಿದ್ದು ತಪ್ಪಾಗಿತ್ತು, ಅದು ನಿನ್ನ ತಪ್ಪಲ್ಲ ಎಂದು ಹೇಳಬೇಕು. ರಾತ್ರಿ ಹೆದರಿ ಏಳುವುದು, ಮನೆಯವರು ಕಾಣದಿದ್ದರೆ ತಾನೊಬ್ಬನೇ ಉಳಿದೆನೆಂದು ಕಿರುಚುವುದು ಮುಂದುವರಿದರೆ ವೈದ್ಯರಿಗೆ ತೋರಿಸಿ. ಶಾಲೆಯ ಶಿಕ್ಷಕರಿಗೂ ವಿಷಯ ತಿಳಿಸಿಡಿ.

ಕೆಲವರು ಸಭೆಯನ್ನು ಮಾತ್ರವಲ್ಲ, ವಿಶ್ವಾಸವನ್ನೇ ಬಿಟ್ಟು ಹೋಗುತ್ತಾರೆ. ಅವರನ್ನು ವಾದಿಸಿ ಮರಳಿಸಲು ಹೋಗಬೇಡಿ. ಸಾಲದ ಪಟ್ಟಿಯಲ್ಲಿ ಅವರ ಹೆಸರಿದ್ದರೆ ಅದು ಹಾಗೆಯೇ ಉಳಿಯಲಿ, ಮದುವೆಗೆ ಕರೆಯಿರಿ, ಕಾಯಿಲೆಯೆಂದು ಕೇಳಿದರೆ ಹೋಗಿ ನೋಡಿರಿ. ಉಳಿದವರಿಗೂ ಹೋದವರಿಗೂ ಕಷ್ಟವಾಗುವ ಇನ್ನೊಂದು ದಿನವಿದೆ: ಸಾರಿದ ದಿನಾಂಕ ಮರುವರ್ಷ ಮತ್ತೆ ಬರುವ ದಿನ. ಅದನ್ನು ಈಗಲೇ ಗುರುತುಹಾಕಿಕೊಳ್ಳಿ. ಅಂದು ಬೆಳಿಗ್ಗೆ ಫೋನ್ ಮಾಡಿ, ಸಂಜೆ ಮನೆಗೆ ಹೋಗಿ, ಅವರಾಗಿಯೇ ಆ ದಿನದ ಮಾತೆತ್ತಿದರೆ ಕೇಳಿ, ಎತ್ತದಿದ್ದರೆ ಒಟ್ಟಿಗೆ ಊಟ ಮಾಡಿ ಬನ್ನಿ.